ಕಾಕು ಮತ್ತು ಅವರ ಸಾವಕಾರ

ಮುಧೋಳದ ಪೇಟೆಯಲ್ಲಿ ಮೊನ್ನೆ ತೇರದಾಳದ ಸುದ್ದಿ ಸಿಕ್ಕಿತು. ಹೇಳಿದವನು ಅರಿವೆ ಅಂಗಡಿಯ ಯುವಕ. ನಾನು ಹಿಂದೆ ತೇರದಾಳದಲ್ಲಿ ಬಾಡಿಗೆಗಿದ್ದ ಮನೆಯ ಸೊಸೆಗೆ ಅವನು ತಮ್ಮನಾಗಬೇಕು.

"ಕಾಕು ಹೋದ್ರರಿ ಮಾಸ್ತರ," ಅಂದ.

"ಹ್ಯಾಂಗ? ಆರಾಮ ಇರಲಿಲ್ಲೇನು?"

"ಆರಾಮ ಇದ್ರು. ಸಂಜಿಮುಂದ ಊಟಾ ಮಾಡಿ ಮಲಗಿದ್ರು, ಮುಂಜಾನಿ ಏಳಲಿಲ್ಲ." ಆಮೇಲೆ ದನಿ ಇಳಿಸಿ ಅಂದ, "ಊರಾಗ ಎಲ್ಲಾರೂ ಅವರು ವ್ರತಾ ಹಿಡದ ಹೋಗ್ತಾರ ಅಂತಿದ್ರು. ಅಂಥಾ ನೇಮದ ಹೆಣಮಗಳು. ಆದ್ರ ಊಟಾ ಮಾಡೇ ಹೋದ್ರು ನೋಡ್ರಿ."

ನನಗೆ ನಗು ಬಂತು. ತಡೆಯಬೇಕೆಂದರೂ ಆಗಲಿಲ್ಲ. ಅವನ ಮುಖ ಸಣ್ಣದಾಯಿತು. ಸಾವಿನ ಸುದ್ದಿಗೆ ನಗುವ ಮಾಸ್ತರನನ್ನು ಅವನು ಎಂದೂ ನೋಡಿರಲಿಕ್ಕಿಲ್ಲ. ಯಾಕೆ ನಕ್ಕೆ ಎಂಬುದನ್ನು ಅಂಗಡಿಯ ಕಟ್ಟೆಯ ಮೇಲೆ ನಿಂತು ಹೇಳಲು ಆಗುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದ ಹೊಸದರಲ್ಲಿ ನನಗೆ ತೇರದಾಳದ ಸಾಲೆಯಲ್ಲಿ ಮೊದಲ ನೌಕರಿ ಸಿಕ್ಕಿತು. ನನ್ನದು ಬೀಳಗಿ. ಹತ್ತಿ ವ್ಯಾಪಾರ ಮಾಡುವ ಜೈನರೊಬ್ಬರ ಮನೆಯ ಮುಂದಿನ ಖೋಲಿ ಬಾಡಿಗೆಗೆ ಸಿಕ್ಕಿತು. ವ್ಯಾಪಾರಿಗೆ ಮೂವತ್ತರ ಆಸುಪಾಸಿನ ವಯಸ್ಸು. ಅವನ ಸತ್ತ ಕಾಕಾನ ಹೆಂಡತಿಯೇ ಆ ಮನೆಯ ಯಜಮಾನಿ. ಅವನು ಕಾಕು ಅನ್ನುತ್ತಿದ್ದ, ಓಣಿಯವರೆಲ್ಲ ಕಾಕು ಅನ್ನುತ್ತಿದ್ದರು. ಖೋಲಿಗೆ ಹೋದ ಎರಡನೇ ದಿನವೇ ನಾನೂ ಅಂದೆ. ಅವರ ಹೆಸರನ್ನು ಯಾರೂ ಕರೆದದ್ದು ಕೇಳಲಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ.

ಎತ್ತರದ ಹೆಂಗಸು. ನಡೆದರೆ ನೆಲಕ್ಕೆ ಗೊತ್ತಾಗಬೇಕು. ನೀರು ಸೋಸದೆ ಕುಡಿಯರು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟರು, ಉಳ್ಳಾಗಡ್ಡಿ ಬಳ್ಳೊಳ್ಳಿ ಆ ಮನೆಯ ಹೊಸ್ತಿಲು ದಾಟುವಂತಿಲ್ಲ. ನಾನು ಶನಿವಾರ ಸಾಲೆ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಭಜಿ ತಿಂದು ಬಂದರೆ ಕಾಕು ಬಾಗಿಲಲ್ಲೇ ಹಿಡಿಯುತ್ತಿದ್ದರು.

"ಏ ಮಾಸ್ತರ, ಸಾಲ್ಯಾಗ ಇವತ್ತ ಉಳ್ಳಾಗಡ್ಡಿ ಪಾಠ ಆತೇನು? ಹೊರಗ ಬಾಯಿ ಮುಕ್ಕಳಿಸಿ ಬಾ."

ನನಗೆ ದಿನಚರಿ ಬರೆಯುವ ರೂಢಿ. ಮಳೆ ಬಂದದ್ದು, ಮಕ್ಕಳ ಹಾಜರಿ, ಊರಿಗೆ ಹೋದದ್ದು, ಎಲ್ಲದಕ್ಕೂ ಲೆಕ್ಕ. ಕಾಕು ಬೈದ ದಿನ ಅಂಚಿನಲ್ಲಿ ಒಂದು ಗೀಟು ಹಾಕುತ್ತಿದ್ದೆ. ಗೀಟಿಲ್ಲದ ವಾರ ಸಿಗುವುದು ಕಷ್ಟವಿತ್ತು. ಇದು ಅವರಿಗೆ ಗೊತ್ತಾದಾಗ ಕೋಪ ಬರಲಿಲ್ಲ. "ಹಾಕು ಹಾಕು. ಗೀಟು ನಿಂತವಂದ್ರ ಕಾಕುಗ ಏನರ ಆಗೇತಿ ಅಂತ ತಿಳಕೋ," ಅಂದರು.

ಅವರ ವಿಶೇಷವೆಂದರೆ ಕೈ. ಮಾತಿಗಿಂತ ಮೊದಲು ಕೈ ಬರುತ್ತಿತ್ತು. ಹಿಟ್ಟು, ಹತ್ತಿ, ಎಮ್ಮೆಯ ಕಿವಿ, ಮಕ್ಕಳ ಕುತ್ತಿಗೆ ಯಾವುದನ್ನೂ ಬರೀ ಕಣ್ಣಿಂದ ನೋಡಿ ಬಿಟ್ಟವರಲ್ಲ. ಮನೆಗೆ ಸೊಸೆ, ಅಂದರೆ ವ್ಯಾಪಾರಿಯ ಹೆಂಡತಿ, ಹೊಸದಾಗಿ ಬಂದಿದ್ದಾಗ ಆಕೆ ಒಂದು ವಾರ ತುಟಿ ಬಿಚ್ಚಲಿಲ್ಲವಂತೆ. ಬಂದ ಹೆಂಗಸರೆಲ್ಲ, "ಎಂಥಾ ಛಲೋ ಹುಡುಗಿ, ಮಾತಿಲ್ಲ ಕಥಿಲ್ಲ," ಎಂದು ಹೊಗಳಿ ಹೋದರಂತೆ. ಕಾಕು ಹೋಗಿ ಹಣೆ ಮುಟ್ಟಿದರು. ಮೈ ಕೆಂಡ. ಮರುದಿನವೇ ಡಾಕ್ಟರು ಬಂದು ವಿಷಮಜ್ವರ ಅಂದರು. ಈ ಕಥೆಯನ್ನು ನನಗೆ ಹೇಳಿದವಳು ಸೊಸೆಯೇ. "ಇನ್ನೆರಡು ದಿನಾ ಹೊಗಳಿದ್ರ ನಾ ಸತ್ತ ಹೋಗತಿದ್ದೆರಿ," ಎಂದು ನಗುತ್ತಿದ್ದಳು.

"ಸುಮ್ಮನಿದ್ದಾರಂದ್ರ ಆರಾಮ ಅದಾರ ಅಂತ ತಿಳೀಬ್ಯಾಡ," ಎಂದು ಕಾಕು ನನಗೂ ಹೇಳುತ್ತಿದ್ದರು, "ಸಾಲ್ಯಾಗ ಗದ್ದಲಾ ಮಾಡಾವ್ರನ್ನ ಬಿಡು. ಸುಮ್ಮನ ಕುಂತವ್ರನ್ನ ಮುಟ್ಟಿ ನೋಡು."

ಆ ಮನೆಯಲ್ಲಿ ಎಲ್ಲರಿಗಿಂತ ಸುಮ್ಮನಿದ್ದವನು ಸಾವಕಾರ.

ಸಾವಕಾರ ಎಂದರೆ ಆಮೆ. ಕರಿ ಚಿಪ್ಪು, ಅದರ ಒಂದೊಂದು ದಿಬ್ಬದಿಂದಲೂ ಸುತ್ತ ಹರಡಿದ ಹಳದಿ ಗೀಟುಗಳು, ಹಗಲಲ್ಲಿ ಚಿಕ್ಕಿ ಮೂಡಿದ ಹಾಗೆ. ಕಲ್ಲು ಒಡೆಯುವವರು ಗುಡ್ಡದಲ್ಲಿ ಹಿಡಿದು ಕೊಯ್ಯಲು ಇಟ್ಟುಕೊಂಡಿದ್ದನ್ನು ಕಾಕು ಒಂದು ಮೊರ ಜೋಳ ಕೊಟ್ಟು ಬಿಡಿಸಿ ತಂದಿದ್ದರು. ಗುಡ್ಡಕ್ಕೇ ಬಿಡಬೇಕೆಂದಿದ್ದರಂತೆ. ಆದರೆ ಚಿಪ್ಪಿನ ಹಿಂದಿನ ಅಂಚು ಒಡೆದು ಹುಣ್ಣಾಗಿತ್ತು. ಹುಣ್ಣು ಮಾಯುವ ಹೊತ್ತಿಗೆ ಅದು ಮನೆಯದಾಗಿತ್ತು. ಯಾರಿಗೂ ದಾರಿ ಬಿಡದೆ, ಯಾರು ಕರೆದರೂ ತಿರುಗದೆ ಒಳಂಗಳದಲ್ಲಿ ನಡೆಯುತ್ತಿದ್ದ ರೀತಿಗೆ ಆ ಹೆಸರು ಬಂತು. "ಸಾವಕಾರ್ರು ಬಂದ್ರು, ಸರೀರಿ," ಎಂದು ಕಾಕು ಕೂಗಿದರೆ ನಿಜವಾದ ಸಾವಕಾರ, ಅಂದರೆ ಹತ್ತಿ ವ್ಯಾಪಾರಿ, ಗದ್ದಿಗೆಯಿಂದ ಕತ್ತೆತ್ತಿ ನೋಡಿ ಸಿಟ್ಟಾಗುತ್ತಿದ್ದ.

ಆಮೆ ನಿಧಾನ, ಆದರೆ ಮೈಗಳ್ಳ ಅಲ್ಲ ಎಂಬುದು ನನಗೆ ಅಲ್ಲಿ ತಿಳಿಯಿತು. ಅದಕ್ಕೊಂದು ದಿನಚರಿ ಇತ್ತು. ಬಿಸಿಲು ಒಳಂಗಳಕ್ಕೆ ಇಳಿದ ಮೇಲೆ ಕಟ್ಟಿಗೆ ಒಟ್ಟಿದ ಮೂಲೆಯಿಂದ ಹೊರಬರುವುದು, ಕಾಲು ಚಾಚಿ ಮೈ ಕಾಸುವುದು, ಮೈ ಕಾದ ಮೇಲೆ ಅಡಿಗೆಮನೆಯ ಹೊಸ್ತಿಲಿಗೆ ಬಂದು ಹಿತ್ತಾಳೆಯ ಕೊಡಕ್ಕೆ ಚಿಪ್ಪು ಬಡಿಯುವುದು. ಠಣ್ ಎಂದರೆ ಕಾಕು ಸೊಪ್ಪು ಹಾಕಬೇಕು. ಕುಂಬಳದ ಹೂವೆಂದರೆ ಪ್ರಾಣ. ಡಬಗಳ್ಳಿಯ ಹಣ್ಣು ತಿಂದ ದಿನ ಮೂತಿಯೆಲ್ಲ ಕೆಂಪು. ಕಡುಬೇಸಿಗೆಯಲ್ಲಿ ಹಗಲೆಲ್ಲ ಕಟ್ಟಿಗೆಯ ಸಂದಿಯಲ್ಲಿ ಮಲಗುತ್ತಿತ್ತು, ಅದು ಪ್ರತಿವರ್ಷದ್ದು. ಚಳಿಯಲ್ಲಿ ತಡವಾಗಿ ಏಳುತ್ತಿತ್ತು, ಅದೂ ಪ್ರತಿವರ್ಷದ್ದು. ಆದರೆ ಎಂಥ ಚಳಿಯಿದ್ದರೂ ಮಧ್ಯಾಹ್ನ ಒಮ್ಮೆಯಾದರೂ ಕೊಡ ಬಾರಿಸುತ್ತಿತ್ತು.

ನಾನು ಹೋದ ಎರಡನೇ ವರ್ಷ, ಚಳಿಗಾಲದ ಎಳ್ಳಮಾಸಿ ಹಬ್ಬ ಕಳೆದ ಮೇಲೆ, ಕೊಡದ ಸದ್ದು ನಿಂತಿತು.

ನಮಗ್ಯಾರಿಗೂ ಗಮನಕ್ಕೆ ಬರಲಿಲ್ಲ. ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಸಾವಕಾರ ಬಂದಿಲ್ಲ," ಅಂದರು. "ಥಂಡಿ ಅಲ್ಲರಿ," ಅಂದಳು ಸೊಸೆ. ಕಾಕು ಕೈ ತೊಳೆದು ಹೋಗಿ ಕಟ್ಟಿಗೆ ಸರಿಸಿ ಎತ್ತಿಕೊಂಡರು. "ಹಗರ ಆಗೇತಿ," ಅಂದರು. ಕಾಲು ಹಿಡಿದು ಮೆಲ್ಲಗೆ ಎಳೆದರು. ಬೇರೆ ದಿನವಾಗಿದ್ದರೆ ಒಳಗೆ ಸೆಳೆದುಕೊಂಡು ಬಿಡುತ್ತಿತ್ತು, ಮನುಷ್ಯರಿಗೇ ಬಿಡಿಸಲು ಬಾರದಷ್ಟು ಜೋರು. ಅಂದು ಕಾಲು ಕೈಯಲ್ಲೇ ಉಳಿಯಿತು. ಕಣ್ಣು ಮುಚ್ಚಿತ್ತು. ಹೂ ಮೂತಿಗೆ ಹಿಡಿದರೂ ತೆರೆಯಲಿಲ್ಲ.

ಅಷ್ಟೇ ಆಗಿದ್ದರೆ ಅದೊಂದು ಮನೆಯೊಳಗಿನ ವಿಚಾರವಾಗಿ ಇರುತ್ತಿತ್ತು. ಆದರೆ ಸೊಸೆ ಬಾವಿಯ ಕಟ್ಟೆಯ ಮೇಲೆ, "ನಮ್ಮ ಆಮಿ ಅನ್ನಾ ನೀರು ಬಿಟ್ಟೇತಿ, ಕಣ್ಣು ಮುಚ್ಚಿ ಕುಂತೇತಿ," ಅಂದಳು. ಬೇರೆ ಊರಲ್ಲಿ ಇದನ್ನು ಕೇಳಿದವರು ಅಯ್ಯೋ ಪಾಪ ಅನ್ನುತ್ತಿದ್ದರು. ತೇರದಾಳದ ಆ ಓಣಿಯಲ್ಲಿ ಅನ್ನ ನೀರು ಬಿಟ್ಟು ಕಣ್ಣು ಮುಚ್ಚಿ ಕೂಡುವುದಕ್ಕೆ ಬೇರೆಯೇ ಅರ್ಥ. ಸಂಜೆಯೊಳಗೆ ಸುದ್ದಿ ಹಬ್ಬಿತು, ಕಾಕುನ ಮನೆಯ ಆಮೆ ಉಪವಾಸವಿದ್ದು ದೇಹ ಬಿಡುವ ಸಲ್ಲೇಖನ ವ್ರತ ಹಿಡಿದಿದೆ ಎಂದು.

ಮರುದಿನ ನಾನು ಸಾಲೆಯಿಂದ ಬರುವಾಗ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಒಳಂಗಳದಲ್ಲಿ ಮಣೆಯ ಮೇಲೆ ಆಮೆ, ಮುಂದೆ ದೀಪ, ಅಕ್ಕಿ, ಸುಲಿದ ಕಾಯಿ. ಯಾರೋ ಚಿಪ್ಪಿನ ಮೇಲೆ ಹಾಲು ಬೇರೆ ಹೊಯ್ದಿದ್ದರು. ಹೆಂಗಸರು ಮೆಲ್ಲನೆ ಹಾಡುತ್ತಿದ್ದರು. ವ್ಯಾಪಾರಿ ಕೈಮುಗಿದು ನಿಂತಿದ್ದ. ಅವನ ಮನೆಗೆ ಅಷ್ಟು ದೊಡ್ಡ ಮಂದಿ ಎಂದೂ ಬಂದಿರಲಿಲ್ಲ. ಕಾಕು ಬಸದಿಗೆ ಹೋಗಿದ್ದ ಹೊತ್ತು ನೋಡಿ ಇದೆಲ್ಲ ಆಗಿತ್ತು.

ಕಾಕು ಬಂದರು. ಯಾರನ್ನೂ ಬೈಯಲಿಲ್ಲ. ನೇರ ಹೋಗಿ ಆಮೆಯನ್ನು ಎತ್ತಿ ಸೆರಗಿನಿಂದ ಹಾಲು ಒರೆಸತೊಡಗಿದರು.

ಪೇಟೆಯ ಹಿರಿಯರೊಬ್ಬರು ಬಂದಿದ್ದರು. ಶಾಸ್ತ್ರ ಓದಿದವರು, ಊರು ಗೌರವಿಸುವವರು. ಅವರು ಮೆತ್ತಗೆ ಹೇಳಿದರು, "ತಾಯಿ, ಮುಟ್ಟಬ್ಯಾಡ್ರಿ. ಪ್ರಾಣಿಗಳೂ ವ್ರತಾ ಹಿಡದದ್ದು ಪುರಾಣದಾಗ ಬಂದೇತಿ. ಈ ಮನಿಯಾಗ ಇದ್ದು ನಿಮ್ಮ ನೇಮಾ ನೋಡಿದ ಜೀವ. ಅಡ್ಡ ಬಂದ್ರ ಆ ಪಾಪ ನಿಮಗ ಬರತೈತಿ."

ಕಾಕುನ ಮುಖ ಬಿಳಚಿದ್ದನ್ನು ನಾನು ನೋಡಿದೆ. ಅವರಿಗೆ ಆ ಮಾತು ಹಗುರಾಗಿರಲಿಲ್ಲ. ಅವರ ಅತ್ತೆ ಅದೇ ಮನೆಯಲ್ಲಿ ವ್ರತ ಹಿಡಿದು ಹೋದವರು. ವ್ರತದ ಮೇಲೆ ಅಲ್ಲಿದ್ದ ಯಾರಿಗಿಂತಲೂ ಕಾಕುಗೆ ಹೆಚ್ಚು ಭಕ್ತಿ. ಇದು ನಿಜವಾಗಿ ವ್ರತವಾಗಿದ್ದರೆ ಕೆಡಿಸಿದ ಪಾಪ. ರೋಗವಾಗಿದ್ದರೆ, ಕಣ್ಣೆದುರು ಸಾಯಲು ಬಿಟ್ಟು ಹಾಡು ಹೇಳಿದ ಪಾಪ. ನಡುವೆ ಎಲ್ಲೂ ನಿಲ್ಲಲು ಜಾಗವಿರಲಿಲ್ಲ.

ಅವರು ಆಮೆಯ ಮೂತಿಯನ್ನು ಕಣ್ಣ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದರು. "ಮಾಸ್ತರ, ನಿನ್ನ ಕಣ್ಣು ಚೂಪ ಅದಾವ. ಮೂಗಿನಾಗ ಏನೈತಿ?"

ಒಂದು ಸಣ್ಣ ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು.

"ಗುಳ್ಳಿ ಐತ್ರಿ."

"ಸಿಂಬಳಾ," ಅಂದರು ಕಾಕು. ಹಿರಿಯರ ಕಡೆ ತಿರುಗಿದರು. "ಅಣ್ಣಾರ, ನಮ್ಮತ್ತಿ ವ್ರತಾ ಹಿಡಿಯೂಮುಂದ ಮನಿಮಂದಿನೆಲ್ಲಾ ಕೂಡಿಸಿ ಬಾಯಿಬಿಟ್ಟು ಹೇಳಿದ್ರು. ಗುರುಗಳ ಅಪ್ಪಣಿ ತಗೊಂಡ್ರು. ಇದು ಯಾರಿಗೆ ಹೇಳೇತಿ? ಇದಕ್ಕ ನೆಗಡಿ ಬಂದೇತಿ. ನೆಗಡಿಗೆ ಕಾಯಿ ಒಡೀತಾರೇನು? ಪಾಪ ಬಂದ್ರ ನನಗ ಬರಲಿ. ನೀವೆಲ್ಲಾ ಮನಿಗೆ ನಡೀರಿ."

ಹಿರಿಯರು ಎದ್ದರು. ಉಳಿದವರು ಗೊಣಗುತ್ತ ಹೋದರು. ಆ ಸಂಜೆ ಕಾಕು ಆಮೆಯನ್ನು ಬಿಸಿ ಮಾಡಿದ ಅರಿವೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೇ ಕೂತರು. ಹೊತ್ತು ಮುಳುಗಿತು. ತಾಟಿನಲ್ಲಿ ಬಡಿಸಿದ್ದು ಹಾಗೇ ಉಳಿಯಿತು.

"ಕಾಕು, ನಿಮ್ಮ ಊಟಾ ತಪ್ಪಿತಲ್ಲರಿ," ಅಂದೆ.

"ನೋಡು, ಇದಕ್ಕ ಉಪಾಸ ಅಂತಾರ," ಅಂದರು. "ನಾ ಮಾಡಾಕತ್ತೇನಿ, ನನಗ ಗೊತ್ತೈತಿ. ಇದಕ್ಕ ಗೊತ್ತಿಲ್ಲ."

ಆ ವಾರದ ನನ್ನ ದಿನಚರಿಯ ಅಂಚು ಪೂರಾ ಖಾಲಿ. ಒಂದು ಗೀಟೂ ಇಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಜಮಖಂಡಿಗೆ ಹೊರಟೆವು. ಅಲ್ಲಿ ದನದ ದವಾಖಾನೆಯ ಡಾಕ್ಟರು ಹಿಂದೆ ಸಂಸ್ಥಾನದ ಕುದುರೆ ಲಾಯ ನೋಡಿಕೊಂಡವರೆಂದು ಕೇಳಿದ್ದೆ. ನಾನು ರಜೆ ಹಾಕಿದೆ. ಹತ್ತಿಯ ಮೆತ್ತೆ ಹಾಕಿದ ಬುಟ್ಟಿಯಲ್ಲಿ ಆಮೆ, ಬುಟ್ಟಿ ಕಾಕುನ ತೊಡೆಯ ಮೇಲೆ. ಕಂಡಕ್ಟರ್ ಬಗ್ಗಿ ನೋಡಿ, "ಅಜ್ಜಿ, ಇದಕ್ಕ ಟಿಕೀಟು ತಗೋಬೇಕಾಗತೈತಿ," ಎಂದು ಚೇಷ್ಟೆ ಮಾಡಿದ.

"ಕೊಡಪಾ. ಸಾವಕಾರ್ರು ಪುಕ್ಕಟೆ ಹೋಗಾವ್ರಲ್ಲ. ಆದ್ರ ಆರಾಮ ಇಲ್ಲ ಅವರಿಗೆ, ತೆಗ್ಗು ನೋಡಿ ಹೊಡಿ ಅಂತ ನಿನ್ನ ಡ್ರೈವರ್‌ಗ ಹೇಳು."

ಡಾಕ್ಟರು ಬುಟ್ಟಿಯೊಳಗೆ ನೋಡಿ ಕನ್ನಡಕ ತೆಗೆದರು. "ಕುದರಿ ನೋಡೇನಿ, ಆನಿ ನೋಡೇನಿ, ಮುಧೋಳದ ನಾಯಿ ಬೇಕಾದಷ್ಟು ನೋಡೇನಿ. ಇದನ್ನ ನೋಡಿಲ್ಲ ನೋಡ್ರಿ ತಾಯಿ. ಸುಳ್ಳ ಯಾಕ ಹೇಳ್ಲಿ?" ಅಂದರು. ಆ ಮಾತಿಗೇ ಕಾಕುಗೆ ಅವರ ಮೇಲೆ ವಿಶ್ವಾಸ ಬಂತು.

ನೋಡಿಲ್ಲ ಅಂದರೂ ಬಿಡಲಿಲ್ಲ ಅವರು. ಕಣ್ಣಿನ ರೆಪ್ಪೆ ಒಳಗಿಳಿದದ್ದನ್ನು ನೋಡಿದರು. ಆಮೆಯನ್ನು ಕಿವಿಗೆ ಹಿಡಿದು ಉಸಿರು ಕೇಳಿದರು. ಬಾಯಿ ತೆರೆದು ಉಸಿರು ಬಿಡುತ್ತದೆಯೇ ಎಂದು ಕೇಳಿದರು. ಇಲ್ಲ ಎಂದರು ಕಾಕು. "ಹಂಗಾರ ಇನ್ನೂ ಹೊತ್ತು ಮೀರಿಲ್ಲ," ಅಂದರು ಡಾಕ್ಟರು. ಕೊನೆಯ ಸಲ ತಿಂದದ್ದು ಯಾವಾಗ ಎಂದು ಕೇಳಿದ್ದಕ್ಕೆ ನಾನು ನೆನಪಿಸಿಕೊಳ್ಳುವ ಮೊದಲೇ ಕಾಕು, "ಎಳ್ಳಮಾಸಿ ದಿನಾ ಕುಂಬಳದ ಹೂ. ಅದೂ ಅರ್ಧಾ ಬಿಟ್ಟಿತು," ಅಂದರು.

"ಬಾಯಿ ತೆಗಿಸಿ ತುರುಕಬೇಕೇನ್ರಿ?"

"ಬ್ಯಾಡ, ಬ್ಯಾಡ. ಮೈ ತಣ್ಣಗಿರೂತನಕ ಹೊಟ್ಟಿಗೆ ಏನೂ ಹಾಕಬ್ಯಾಡ್ರಿ, ಅರಗೂದಿಲ್ಲ. ಮೊದಲ ಬಿಸಿ, ಆಮ್ಯಾಲ ನೀರು, ಆಮ್ಯಾಲ ಸೊಪ್ಪು. ನಮಗ ನಿಮಗ ಒಲಿ ಹೊಟ್ಟಿಯೊಳಗ ಐತಿ. ಇದರ ಒಲಿ ಅಲ್ಲೈತಿ." ಡಾಕ್ಟರು ಬೆರಳು ಮೇಲೆ ಎತ್ತಿ ಕಿಟಕಿಯ ಹೊರಗಿನ ಸೂರ್ಯನನ್ನು ತೋರಿಸಿದರು. "ಇದು ಎಲ್ಲಿ ಇರತೈತಿ? ಬಿಸಿಲು ಬೀಳತೈತಿಲ್ಲೋ?"

ಕಾಕು ಹೂಂ ಅನ್ನಲು ಹೋಗಿ ನಿಂತರು. ಹಣೆಗೆ ಕೈ ಬಡಿದುಕೊಂಡರು. "ತಗಡು!"

ದೀಪಾವಳಿ ಆದಮೇಲೆ ವ್ಯಾಪಾರಿ ಹತ್ತಿ ತುಂಬಿದ ಅಂಡಿಗೆ ಚೀಲ ಇಡಲು ಒಳಂಗಳದ ಅರ್ಧಕ್ಕೆ ತಗಡು ಹೊದಿಸಿದ್ದ, ಕೆಳಗೆ ಹಾಸುಗಲ್ಲು ಹಾಕಿಸಿದ್ದ. ಹಿಂದೆ ಬಿಸಿಲು ಇಳಿಯುತ್ತಿದ್ದ ಮಣ್ಣಿನ ಜಾಗವೆಲ್ಲ ಈಗ ನೆರಳಿನ ತಣ್ಣನೆ ಕಲ್ಲು. ಆಮೆ ತನ್ನ ಹಳೆಯ ಜಾಗಕ್ಕೇ ದಿನವೂ ಬಂದು, ಬಾರದ ಬಿಸಿಲಿಗಾಗಿ ಕಾಯ್ದು ಕೂತಿತ್ತು. ನಾವೆಲ್ಲ ದಿನವೂ ಅದರ ಪಕ್ಕದಲ್ಲೇ ದಾಟಿ ಹೋಗಿದ್ದೆವು.

ಮನೆ ಮುಟ್ಟಿದ ಕೂಡಲೆ ಕಾಕು ಏಣಿ ತರಿಸಿದರು.

"ಹತ್ತಿ ಎಲ್ಲಿ ಇಡ್ಲಿ ಕಾಕು? ಇಬ್ಬನಿ ಬಿದ್ರ ಮಾಲು ಕೆಡತೈತಿ!" ವ್ಯಾಪಾರಿ ಕೂಗಾಡಿದ.

"ನಿನ್ನ ಮಲಗೂ ಖೋಲ್ಯಾಗ ಇಡು. ಮೆತ್ತಗ ಇರತೈತಿ, ನಿದ್ದಿ ಛಲೋ ಬರತೈತಿ."

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ವ್ಯಾಪಾರಿಯೂ ನಾನೂ ಏರಿ ತೆಂಕಣ ಬದಿಯ ತಗಡುಗಳನ್ನು ಬಿಚ್ಚಿದೆವು. ಬಿಸಿಲು ಧೊಪ್ಪನೆ ಒಳಂಗಳಕ್ಕೆ ಬಿತ್ತು.

ಆಮೇಲಿನ ದಿನಗಳು ನನಗೆ ಒಂದೇ ಚಿತ್ರವಾಗಿ ನೆನಪಿವೆ. ಹಿಟ್ಟು ನಾದುವ ಪರಾತದಲ್ಲಿ ಉಗುರುಬೆಚ್ಚನೆ ನೀರು, ಆಮೆಯ ಗದ್ದದವರೆಗೆ ಮಾತ್ರ, ಮೂಗಿಗೆ ತಾಗದಂತೆ. ಕಾಕುನ ಒಂದು ಬೆರಳು ಅದರ ಗಂಟಲ ಕೆಳಗೆ ಆಸರೆ. ಆಮೇಲೆ ಒರೆಸಿ ಬಿಸಿಲಿಗೆ, ಪಕ್ಕದಲ್ಲೇ ಬೇಕೆಂದರೆ ಸರಿಯಲು ಒಂದು ಮೊರದ ನೆರಳು. ಬಿಸಿಲು ಸರಿದಂತೆ ಕಾಕು ಮಣೆ ಸರಿಸಿಕೊಂಡು ತಾವೂ ಸರಿಯುತ್ತಿದ್ದರು. ಇಳಿಹೊತ್ತಿಗೆ ಒಲೆಯ ಹತ್ತಿರದ ಬುಟ್ಟಿಗೆ. ನನ್ನ ಕೆಲಸ ಹತ್ತಿಯ ತಕ್ಕಡಿಯಲ್ಲಿ ತೂಗುವುದು. ತೂಕ ಏರಲಿಲ್ಲ, ಆದರೆ ಇಳಿಯುವುದು ನಿಂತಿತು. "ಅದೂ ಸುದ್ದೀನ," ಅಂದರು ಕಾಕು.

ಒಂದು ದಿನ ಪರಾತದ ನೀರಿನಲ್ಲಿ ಗಂಟಲು ಮಿಸುಕಿತು. "ಕುಡ್ಯಾಕತ್ತೇತಿ!" ಕಾಕು ಪಿಸುಗುಟ್ಟಿದರು, ಜೋರಾಗಿ ಅಂದರೆ ನಿಲ್ಲಿಸೀತು ಎಂಬಂತೆ. ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಸುಣ್ಣದ ತಿಳಿಯಂಥ ಬಿಳಿ ಹೊಲಸು ಹೊರಬಿತ್ತು. ಹಿಟ್ಟು ನಾದುವ ಪಾತ್ರೆಯಲ್ಲಿ ಬಿದ್ದ ಹೊಲಸು ನೋಡಿ ಅಷ್ಟು ಸಂತೋಷಪಟ್ಟ ನೇಮದ ಹೆಂಗಸನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಕೊಡದ ಸದ್ದು ಒಂದು ರವಿವಾರ ಮಧ್ಯಾಹ್ನ ಕೇಳಿತು. ಸಣ್ಣದಾಗಿ, ಒಂದೇ ಸಲ. ನಾನು ಖೋಲಿಯಿಂದ ಓಡಿದೆ, ವ್ಯಾಪಾರಿ ಗದ್ದಿಗೆಯಿಂದ ಓಡಿದ. ಕಾಕು ಆಗಲೇ ಕುಂಬಳದ ಹೂ ಹಿಡಿದು ಹೊಸ್ತಿಲಲ್ಲಿ ಕೂತಿದ್ದರು. ಬಾವಿಯ ಕಟ್ಟೆಯವರು, "ಆಮಿ ವ್ರತಾ ಮುರೀತಂತ," ಎಂದು ಸ್ವಲ್ಪ ಬೇಸರದಿಂದಲೇ ಮಾತಾಡಿಕೊಂಡರು.

"ನೆಗಡಿ ಬಿಟ್ಟಿತು ಅನ್ರಿ," ಎಂದು ಕಾಕು ಎಲ್ಲರನ್ನೂ ತಿದ್ದಿದರು. ಮರುದಿನ ನನಗೆ ಎರಡು ಗೀಟು ಬಿದ್ದವು.

ನನಗೆ ಮುಧೋಳಕ್ಕೆ ವರ್ಗವಾದ ಮೇಲೂ ರಜೆಯಲ್ಲಿ ಒಮ್ಮೊಮ್ಮೆ ಹೋಗುತ್ತಿದ್ದೆ. ಹೋದ ವರ್ಷದ ಚಳಿಗಾಲದಲ್ಲಿ ಹೋದಾಗ ಬಾಗಿಲಲ್ಲಿ ಮತ್ತೆ ಚಪ್ಪಲಿಗಳ ಸಾಲು. ಒಳಗೆ ಓಡಿದೆ. ಪಡಸಾಲೆಯಲ್ಲಿ ಕಾಕು ಮಲಗಿದ್ದರು, ಕಣ್ಣು ಮುಚ್ಚಿ. ಗೋಡೆಯುದ್ದಕ್ಕೂ ಹೆಂಗಸರು. ಯಾರೋ ದೀಪ ಹಚ್ಚಿಟ್ಟಿದ್ದರು. "ಎರಡು ದಿನಾ ಆತು, ತುತ್ತು ಮುಟ್ಟಿಲ್ಲ. ಮಾತಿಲ್ಲ. ಪುಣ್ಯವಂತಿ," ಎಂದು ಒಬ್ಬರು ನನ್ನ ಕಿವಿಯಲ್ಲಿ ಹೇಳಿದರು. ವ್ಯಾಪಾರಿ ಕೈಮುಗಿದು ನಿಂತಿದ್ದ. ಅಳುತ್ತಿದ್ದ.

ಸೊಸೆ ಆಗಷ್ಟೇ ತವರಿನಿಂದ ಬಂದಿಳಿದಿದ್ದಳು. ಗಂಟು ಕೆಳಗಿಟ್ಟು, ಗುಂಪು ಸರಿಸಿ ಹೋಗಿ ಕಾಕುನ ಅಂಗಾಲು ಹಿಡಿದಳು. ಹಣೆ ಮುಟ್ಟಿದಳು. ಕೈ ಎತ್ತಿ ಬಿಟ್ಟು ನೋಡಿದಳು.

"ಕಾಲು ತಣ್ಣಗ ಅದಾವ, ಹಣಿ ಸುಡಾಕತ್ತೇತಿ," ಅಂದಳು. ಸುತ್ತ ನೋಡಿದಳು. "ವ್ರತಾ ಹಿಡೀತೇನಿ ಅಂತ ಬಾಯಿಬಿಟ್ಟು ಯಾರಿಗರ ಹೇಳ್ಯಾರೇನು?"

ದೀಪದ ಹತ್ತಿರ ಕೂತವಳು ಬತ್ತಿ ಸರಿಮಾಡಿದಳು.

"ನಿಮಗ ಹೇಳ್ಯಾರೇನ್ರಿ?" ಗಂಡನನ್ನು ಕೇಳಿದಳು.

"ಇಲ್ಲ," ಅಂದ ಅವನು.

"ಹಂಗಾರ ಏಳ್ರಿ ಎಲ್ಲಾರೂ. ದಾರಿ ಬಿಡ್ರಿ. ಮಾಸ್ತರ, ಆ ಕಡೆ ಹಿಡೀರಿ."

ಹಾಸಿಗೆ ಸಮೇತ ಎತ್ತಿ ತಗಡು ಬಿಚ್ಚಿದ ಜಾಗಕ್ಕೆ ತಂದೆವು. ವ್ಯಾಪಾರಿ ಡಾಕ್ಟರನ್ನು ಕರೆಯಲು ಓಡಿದ. ಸೊಸೆ ಕಾಕುನ ತಲೆ ತೊಡೆಯ ಮೇಲಿಟ್ಟುಕೊಂಡು ಸೋಸಿದ ಬೆಚ್ಚನೆ ನೀರನ್ನು ಚಮಚದಿಂದ ತುಟಿಗೆ ಹನಿಸತೊಡಗಿದಳು. ಬಹಳ ಹೊತ್ತು ನೀರು ಬಾಯಿಯ ಮೂಲೆಯಿಂದ ಹೊರಗೇ ಬಂತು. ಆಮೇಲೆ ಗಂಟಲು ಮಿಸುಕಿತು. ಸೊಸೆ ನನ್ನ ಕಡೆ ನೋಡಿದಳು.

ಕಾಕು ಒಂದು ಕಣ್ಣು ತೆರೆದರು. ಮೇಲೆ ಆಕಾಶ, ಪಕ್ಕದಲ್ಲಿ ಕಾಲು ಚಾಚಿ ಮೈ ಕಾಸುತ್ತಿದ್ದ ಸಾವಕಾರ.

"ನನ್ನನ್ನ ಪರಾತದಾಗ ಇಡಬ್ಯಾಡ್ರವಾ," ಅಂದರು. ಸ್ವಲ್ಪ ತಡೆದು, "ಗಂಜಿ ಮಾಡು. ಹೊತ್ತು ಮುಳಗೂದರಾಗ ಮಾಡು."

ಆ ಗಂಜಿಯಿಂದ ಮುಂದೆ ಒಂದು ವರ್ಷದ ಊಟ ಅವರಿಗೆ ಸಿಕ್ಕಿತು. ಕೊನೆಯ ಸಂಜೆಯ ಊಟವೂ ಅದರಲ್ಲಿ ಸೇರಿತ್ತು.

ಅದಕ್ಕೇ ನಕ್ಕೆ. ನಕ್ಕಾದ ಮೇಲೆ ಅರಿವೆ ಅಂಗಡಿಯ ಆ ಯುವಕನನ್ನು ಕೇಳಿದೆ, "ಸಾವಕಾರ ಹ್ಯಾಂಗದಾನ?"

"ಯಾರು, ನಮ್ಮ ಮಾವಾರೇನ್ರಿ?"

"ಅಲ್ಲಪಾ, ಆಮಿ."

"ಅದಕ್ಕೇನ್ರಿ, ದಿನಾ ಬಿಸಿಲಿಗೆ ಬರತೈತಿ, ಕೊಡಾ ಬಡಿತೈತಿ," ಅಂದ. ಇನ್ನೂ ಅವನ ಮುಖದಲ್ಲಿ ನನ್ನ ನಗುವಿನ ಸಿಟ್ಟು ಇತ್ತು. "ಕೊಡದ ಸಪ್ಪಳ ಆದ್ರೂ ಅಕ್ಕ ಕೈಗೆತ್ತಿ, ಕಾಲು ಎಳದ ನೋಡಿ, ಆಮ್ಯಾಲ ಹೂ ಹಾಕತಾಳರಿ."